ಗ್ಯಾಂಬಿಟ್ ಎಂಬ ಅಡ್ಡಗಾಲು

ರಾಜಕಾರಣಿಯೊಬ್ಬರು ರಾಜೀನಾಮೆ ಬಿಸಾಕಿದರೆ ಸಾಕು, ಟೀವಿ ಚರ್ಚೆಯಲ್ಲಿ ಯಾರಾದರೊಬ್ಬರು ‘ಇದೊಂದು ಗ್ಯಾಂಬಿಟ್’ ಅಂದೇಬಿಡುತ್ತಾರೆ. ಸಣ್ಣದು ಕೊಟ್ಟು ದೊಡ್ಡದು ಗಿಟ್ಟಿಸುವ ಲೆಕ್ಕಾಚಾರ ಅನ್ನುವುದು ಅವರ ಅರ್ಥ. ಚದುರಂಗದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನಾವೂ ‘ತ್ಯಾಗ’, ‘ಬಲಿ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಆದರೆ ಈ ಪದಕ್ಕೆ ಅಷ್ಟೊಂದು ಸಾತ್ವಿಕ ಹಿನ್ನೆಲೆಯಿಲ್ಲ. ಇಟಾಲಿಯನ್ನಿನಲ್ಲಿ ಗಾಂಬಾ ಎಂದರೆ ಕಾಲು. ಗಾಂಬೆಟ್ಟೊ ಎಂದರೆ ಇನ್ನೊಬ್ಬ ಮುಗ್ಗರಿಸಲೆಂದು ಕೊಡುವ ಅಡ್ಡಗಾಲು. ಅದನ್ನು 1561ರಲ್ಲಿ ಚದುರಂಗದ ಪುಸ್ತಕಕ್ಕೆ ತಂದವನು ಸ್ಪೇನಿನ ರುಯ್ ಲೋಪೆಜ್. ವೃತ್ತಿಯಲ್ಲಿ ಪಾದ್ರಿ!

ಅಡ್ಡಗಾಲು ಫಲಿಸಬೇಕಾದರೆ ಎದುರಿನವನು ಹೆಜ್ಜೆ ಹಾಕುತ್ತಿರಬೇಕು. ‘ಬಲಿ’ ಅಂದಾಗ ಕೊಡುವವನಷ್ಟೇ ಕಾಣುತ್ತಾನೆ, ತೆಗೆದುಕೊಳ್ಳುವವನ ಆಸೆ ಕಾಣುವುದಿಲ್ಲ.

1960ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾ ಟೂರ್ನಿಯಲ್ಲಿ ಬೋರಿಸ್ ಸ್ಪಾಸ್ಕಿ, 17ರ ಹುಡುಗ ಬಾಬಿ ಫಿಷರ್ ಎದುರು ಕಿಂಗ್ಸ್ ಗ್ಯಾಂಬಿಟ್ ಆಡಿದ. ಎರಡನೆಯ ನಡೆಯಲ್ಲೇ ರಾಜನ ಬಲಕ್ಕಿರುವ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ, ಬೇಕಿದ್ದರೆ ಹೊಡಿ ಅಂದ. ಫಿಷರ್ ಹೊಡೆದ; ಸಿಕ್ಕಿದ್ದನ್ನು ಕಾಯಲು ಇನ್ನೊಂದು ಕಾಲಾಳನ್ನೂ ಓಡಿಸಿದ. ಅಲ್ಲಿಗೇ ಕೆಟ್ಟನೆಂದಲ್ಲ. ಆಟದ ನಡುವೆ ಅವನ ಸ್ಥಿತಿ ಚೆನ್ನಾಗಿಯೇ ಇತ್ತು, ಕಾಲಾಳುಗಳೂ ಹೆಚ್ಚಿದ್ದವು. ಆದರೆ ಅವನ ರಾಜನಿಗೆ ಮರೆ ಇರಲಿಲ್ಲ. 29ನೆಯ ನಡೆಗೆ ಬಿಳಿ ಆನೆ ಅಡ್ಡ ಸಾಲಿನಿಂದ ಕಪ್ಪು ರಾಣಿಗೆ ಗುರಿಯಿಟ್ಟಿತು. ರಾಣಿ ಎಲ್ಲಿಗೆ ಸರಿದರೂ ಅದು ಕಾಯುತ್ತಿದ್ದ ಒಂಟೆ ಹೋಗುತ್ತದೆ. ಫಿಷರ್ ಸೋಲೊಪ್ಪಿದ. ಆಗಲೂ ಅವನ ಬಳಿ ಒಂದು ಕಾಲಾಳು ಹೆಚ್ಚಿಗೇ ಇತ್ತು.

ವೆಬ್ ಸರಣಿಯಿಂದ 2020ರಲ್ಲಿ ಮನೆಮಾತಾದ ಕ್ವೀನ್ಸ್ ಗ್ಯಾಂಬಿಟ್ ನನ್ನ ಲೆಕ್ಕದಲ್ಲಿ ಈ ಹೆಸರಿಗೆ ಅರ್ಹವೇ ಅಲ್ಲ. ಅಲ್ಲಿ ಕೊಟ್ಟ ಕಾಲಾಳನ್ನು ಬಿಳಿಯವರು ಸಾಮಾನ್ಯವಾಗಿ ವಸೂಲು ಮಾಡಿಕೊಳ್ಳುತ್ತಾರೆ. ಅದು ಕೈಸಾಲ.

ಸ್ಪಾಸ್ಕಿಗೆ ಸೋತ ಮರುವರ್ಷ ಫಿಷರ್ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಕಿಂಗ್ಸ್ ಗ್ಯಾಂಬಿಟ್ಟಿನ ಕಥೆ ಮುಗಿಯಿತೆಂದು ಸಾರಿದ. 1963ರ ಅಮೆರಿಕ ಚಾಂಪಿಯನ್‌ಷಿಪ್ಪಿನಲ್ಲಿ ಲ್ಯಾರಿ ಇವಾನ್ಸ್ ಎದುರು ಅದನ್ನೇ ಆಡಿ ಗೆದ್ದ. ಮೂರನೆಯ ನಡೆಯಲ್ಲಿ ಕುದುರೆಯ ಬದಲು ಒಂಟೆಯನ್ನು ಹೊರತೆಗೆದಿದ್ದ, ಅಷ್ಟೇ.