ತುಂಗಭದ್ರಾ ಕಣಿವೆಯ ಕ್ಷಾಮರಕ್ಷಣೆ: ಯೋಜನೆ ಮತ್ತು ಧನವಿನಿಯೋಗದ ಇತಿಹಾಸ

ಸಹ್ಯಾದ್ರಿಯ ಮಳೆಯನ್ನುಂಡು ಬಂದು ಕೂಡಲಿಯಲ್ಲಿ ಸಂಗಮಿಸುವ ತುಂಗೆ ಭದ್ರೆಯರು ಮುಂದೆ ಹಾಯುವುದು ಮಳೆನೆರಳಿನ ಬಳ್ಳಾರಿ, ರಾಯಚೂರು, ಕರ್ನೂಲು ಸೀಮೆಗಳಲ್ಲಿ. ತುಂಬಿದ ಹೊಳೆಯ ಮಗ್ಗುಲಲ್ಲಿಯೇ ಹೊಲಗಳು ಬೆಂದು ಬಯಲಾಗುವ ಈ ನಾಡಿನಲ್ಲಿ ನೀರನ್ನು ಸಂಗ್ರಹಿಸಬೇಕೆಂದು ಎಂಜಿನಿಯರ್ ಸರ್ ಆರ್ಥರ್ ಕಾಟನ್ 1860ರ ಸುಮಾರಿಗೇ ಸೂಚಿಸಿದ್ದನು. ಆದರೆ ಆ ಕಾರ್ಯವು ಮದರಾಸು ನೀರಾವರಿ ಕಂಪನಿಯ ಕೈಸೇರಿ, ಹತ್ತು ಲಕ್ಷ ಪೌಂಡು ಬಂಡವಾಳಕ್ಕೆ ಶೇಕಡ 5ರ ಬಡ್ಡಿಯ ಸರ್ಕಾರಿ ಭರವಸೆಯಿದ್ದರೂ ಸುಂಕೇಸುಲದ ಅಣೆಕಟ್ಟು ಮತ್ತು ಕರ್ನೂಲು–ಕಡಪ ಕಾಲುವೆಗಳಿಂದ ಮುಂದಕ್ಕೆ ಸಾಗದೆ, 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಳ್ಳಬೇಕಾಯಿತು.

ಈ ನಡುವೆ, 1876–78ರ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು ಬಳ್ಳಾರಿ ಸೀಮೆಯನ್ನು ಶ್ಮಶಾನಪ್ರಾಯವಾಗಿಸಿತ್ತು. ಆ ಘೋರದ ಫಲವಾಗಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗಳ ಕ್ಷಾಮವಿಮಾ ನಿಧಿಯು ಏರ್ಪಟ್ಟಿತು. ಲಾಭವನ್ನು ಲೆಕ್ಕಿಸದೆ, ಪ್ರಾಣರಕ್ಷಣೆಗಾಗಿಯೇ ಕಾಲುವೆ ತೋಡಬಹುದೆಂಬ ತತ್ತ್ವವೂ ಸರ್ಕಾರದ ಕಡತಗಳಲ್ಲಿ ಸ್ಥಾನ ಪಡೆಯಿತು. ಆದರೆ ಆಫ್ಘನ್ ಯುದ್ಧದ ವೆಚ್ಚವು ಬಂದೊದಗಿದಾಗ ಮೊದಲು ಸೊರಗಿದುದೂ ಆ ನಿಧಿಯೇ. ಹಸಿದವರ ಹೆಸರಿನಲ್ಲಿ ಎತ್ತಿದ ಹಣವನ್ನು ಅನ್ಯಕಾರ್ಯಕ್ಕೆ ತಿರುಗಿಸಿದುದನ್ನು ಅಕ್ಷಮ್ಯವೆಂದಲ್ಲದೆ ಬೇರೆ ರೀತಿಯಲ್ಲಿ ಬಣ್ಣಿಸಲಾರೆನು.

ತುಂಗಭದ್ರೆಯ ನೀರನ್ನು ಕುರಿತ ದಶಕಗಳ ವಾದವಿವಾದಗಳು ಕಳೆದು 1944ರಲ್ಲಿ ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ತಲಾ 65 ಟಿ.ಎಂ.ಸಿ. ನೀರಿಗೆ ಒಪ್ಪಂದ ಮಾಡಿಕೊಂಡವು. 1945ರ ಫೆಬ್ರವರಿ 28ರಂದು ಎರಡೂ ದಂಡೆಗಳಲ್ಲಿ ತುಂಗಭದ್ರಾ ಅಣೆಕಟ್ಟಿನ ಶಂಕುಸ್ಥಾಪನೆಯಾಯಿತು. ಸುರ್ಕಿಗಾರೆ ಮತ್ತು ಕಲ್ಲಿನಲ್ಲಿ ಮೇಲೆದ್ದ ಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಿತು. ಅದೇ ವರ್ಷ ಆಂಧ್ರರಾಜ್ಯವು ರಚಿತವಾಗಿ, ಬಳ್ಳಾರಿಯು ಮೈಸೂರಿಗೆ ಸೇರಿದಾಗ, ನೀರನ್ನೂ ವೆಚ್ಚವನ್ನೂ ಹಂಚಿಕೊಡಲು ತುಂಗಭದ್ರಾ ಮಂಡಳಿಯು ಅಸ್ತಿತ್ವಕ್ಕೆ ಬಂದಿತು. ಜಲಾಶಯಕ್ಕೆ ಬರುವ ನೀರನ್ನು ಅಂದಾಜುಮಾಡಿ, ಕೊರತೆಯಾದರೆ ಅದನ್ನೂ ಪಾಲಿನ ಪ್ರಮಾಣದಲ್ಲಿಯೇ ರಾಜ್ಯಗಳಿಗೆ ಹಂಚುವ ಅದರ ಪದ್ಧತಿಯು ನಮ್ಮ ದೇಶದ ನದೀವ್ಯಾಜ್ಯಗಳ ನಡುವೆ ವಿರಳವಾದ ವಿವೇಕವೆಂದು ನನ್ನ ಭಾವನೆ.

ರಾಜ್ಯಗಳ ನಡುವೆ ಸಾಧ್ಯವಾದ ಈ ನ್ಯಾಯವು ರೈತರ ನಡುವೆ ಸಾಧ್ಯವಾಗಲಿಲ್ಲ. ಕ್ಷಾಮಭಯವನ್ನು ನೀಗಲು ಅಲ್ಪ ನೀರನ್ನು ವಿಸ್ತಾರವಾದ ಭೂಮಿಗೆ ಹರಡಬೇಕೆಂದು ಬಗೆದು, ಯಾವ ಹೊಲಕ್ಕೆ ಯಾವ ಬೆಳೆಯೆಂಬುದನ್ನು ಮೊದಲೇ ಗೊತ್ತುಪಡಿಸಿ, ಎಡದಂಡೆಯ ಬಹುಭಾಗವನ್ನು ಜೋಳ, ಹತ್ತಿ ಮುಂತಾದ ಮಿತನೀರಿನ ಬೆಳೆಗಳಿಗೆ ಮೀಸಲಿಟ್ಟಿದ್ದರೂ, ಕಾಲುವೆಯ ತಲೆಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿ, ಮಾನ್ವಿ, ರಾಯಚೂರು ಕಡೆಯ ಕೊನೆಭಾಗದವರು ಕಾಲುವೆಯಿದ್ದೂ ಮಳೆಯನ್ನೇ ನೆಚ್ಚುವಂತಾಯಿತು. ಹೂಳಿನಿಂದಾಗಿ, ಆದಿಯಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಜಲಾಶಯದ ಸಾಮರ್ಥ್ಯವು 106ರ ಆಸುಪಾಸಿಗೆ ಇಳಿದಿರುವುದರಿಂದ, ಆ ಕೊನೆಭಾಗದವರ ಪಾಲಿಗೆ ಮಳೆ ಒಳ್ಳೆಯದಾದ ವರ್ಷವೂ ಈಗ ಕೊರತೆಯ ವರ್ಷವಾಗಬಲ್ಲುದು.