ಹಣದ ಕಥೆ – ಭಾಗ 4: ಎರಡು ಸಾಲಿಗಾಗಿ ವಾಪಸ್ ಬಂದ ನೋಟು

ಜೇಬಲ್ಲಿ ನೋಟಿದ್ರೆ ಹಿಂದೆ ತಿರುಗಿಸಿ ನೋಡಿ. ಭಾಷೆಗಳ ಪಟ್ಟಿಯಲ್ಲಿ ಕನ್ನಡ 4ನೇ ಸಾಲು. ಇಂಗ್ಲಿಷ್ ಅಕ್ಷರಮಾಲೆಯ ಕ್ರಮ ಅದು. ಹಾಗಾಗಿ ಯಾವ ಭಾಷೆ ಮೇಲು ಅನ್ನೋ ಪ್ರಶ್ನೆನೇ ಬರಲ್ಲ. ಆದ್ರೆ ಮಾರಿಷಸ್‌ನಲ್ಲಿ ಬಂತು. 👇

ಮಾರಿಷಸ್ ಅಂದ್ರೆ ಬೆಂಗಳೂರು ನಗರ ಜಿಲ್ಲೆಗಿಂತ ಚಿಕ್ಕ ದೇಶ. ಕಬ್ಬಿನ ತೋಟಗಳಿಗೆ ಭಾರತದಿಂದ ಕೂಲಿಗಳು ಹೋದ ಕಾಲದಲ್ಲಿ ಅಲ್ಲಿ ನಮ್ಮ ರೂಪಾಯಿನೂ ಓಡ್ತಿತ್ತು. 1870ರ ದಶಕದಲ್ಲಿ ಅದಕ್ಕೆ ತನ್ನದೇ ರೂಪಾಯಿ ಬಂತು.

ಬ್ರಿಟಿಷರ ಕಾಲದಲ್ಲಿ ಅಲ್ಲಿ ಕರೆನ್ಸಿ ಬೋರ್ಡ್ ಇತ್ತು. ಇದು ನಮ್ಮ ಆರ್‌ಬಿಐ ಥರ ಅಲ್ಲ. ಖಜಾನೆಯಲ್ಲಿ ಪೌಂಡ್ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ನೋಟು. ಬ್ಯಾಂಕ್‌ಗಳಿಗೆ ಕಷ್ಟ ಬಂದ್ರೆ ಸಾಲ ಕೊಡೋದು, ಬಡ್ಡಿ ದರ ನಿರ್ಧರಿಸೋದು ಅದರ ಕೆಲಸವೇ ಅಲ್ಲ.

ಬ್ಯಾಂಕ್ ಆಫ್ ಮಾರಿಷಸ್ ಶುರುವಾಗಿದ್ದು 1967ರ ಸೆಪ್ಟೆಂಬರ್‌ನಲ್ಲಿ. ಸ್ವಾತಂತ್ರ್ಯ ಸಿಕ್ಕಿದ್ದು 1968ರ ಮಾರ್ಚ್ 12ಕ್ಕೆ. ಗಮನಿಸಿ, ದೇಶಕ್ಕಿಂತ ಮೊದಲು ಬ್ಯಾಂಕ್ ಬಂತು! ಆದ್ರೂ ನೋಟಿನ ಮೇಲಿದ್ದದ್ದು ಬ್ರಿಟನ್ ರಾಣಿ, ರೂಪಾಯಿ ಕಟ್ಟಿಹಾಕಿದ್ದು ಪೌಂಡ್‌ಗೆ. ಆ ಗಂಟು ಬಿಚ್ಚಿದ್ದು 1976ರಲ್ಲಿ.

ಈಗ ಜಗಳದ ಕಥೆ. ಅಲ್ಲಿನ ನೋಟಲ್ಲಿ ಮೊದಲು ಇಂಗ್ಲಿಷ್, ಆಮೇಲೆ ತಮಿಳು, ಆಮೇಲೆ ದೇವನಾಗರಿ. 1998ರ ನವೆಂಬರ್‌ನಲ್ಲಿ ಬಂದ ಹೊಸ ನೋಟಲ್ಲಿ ತಮಿಳು ಒಂದು ಸಾಲು ಕೆಳಗಿಳಿದಿತ್ತು. ಬೆಲೆ ಅದೇ, ಅಂಗಡೀಲಿ ಬರೋ ಸಾಮಾನೂ ಅಷ್ಟೇ. ಆದ್ರೂ ತಮಿಳರು ಸಿಟ್ಟಾದ್ರು. ಫ್ರೆಂಚರ ಕಾಲದಲ್ಲೇ, ಅಂದ್ರೆ 18ನೇ ಶತಮಾನದಲ್ಲೇ, ಪುದುಚೇರಿ ಕಡೆಯಿಂದ ತಮಿಳು ಕುಶಲಕರ್ಮಿಗಳು ಅಲ್ಲಿಗೆ ಹೋಗಿದ್ರು. ಬಿಹಾರದ ಕಡೆಯವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆಮೇಲೆ. ಮೊದಲು ಬಂದವರ ಸಾಲು ಯಾಕೆ ಕೆಳಗೆ ಅನ್ನೋದು ಅವರ ಪ್ರಶ್ನೆ. ಕೊನೆಗೆ ಬ್ಯಾಂಕ್ ಆ ನೋಟುಗಳನ್ನು ವಾಪಸ್ ತಗೊಂಡು, ಹಳೇ ಕ್ರಮದಲ್ಲೇ ಮತ್ತೆ ಪ್ರಿಂಟ್ ಮಾಡಿಸ್ತು.

ಸೆಂಟ್ರಲ್ ಬ್ಯಾಂಕಿನ ಕೆಲಸಗಳು ಅಂತ ಎಕ್ಸಾಮಲ್ಲಿ ನಾವು ಬರೀತೀವಲ್ಲ: ನೋಟು ಮುದ್ರಣ, ಸಾಲ ನಿಯಂತ್ರಣ, ವಿದೇಶಿ ವಿನಿಮಯ... ಇವೆಲ್ಲದರ ಕೆಳಗೆ ನಂಬಿಕೆ ಇರಬೇಕು. ನೋಟು ನಿಜಕ್ಕೂ ಒಂದು ತುಂಡು ಕಾಗದ. ಇದು ನಂದೂ ಹೌದು ಅಂತ ಎಲ್ಲರಿಗೂ ಅನ್ನಿಸಿದ್ರೇನೇ ಅದು ದೇಶದ ಹಣ. ಪುಟ್ಟ ದ್ವೀಪದಲ್ಲಿ ಅದು ಬೇಗ ಕಣ್ಣಿಗೆ ಬಿತ್ತು, ಅಷ್ಟೇ.

ನಮ್ಮ ನೋಟಲ್ಲಿ ಕನ್ನಡದ ಸಾಲು ಒಂದಿನ ಕಾಣದೇ ಹೋದ್ರೆ ನಿಮಗೇನನ್ಸುತ್ತೆ? ಕಾಮೆಂಟಲ್ಲಿ ಹೇಳಿ 💬

#ಹಣದ_ಕಥೆ #ಮಾರಿಷಸ್ #ಬಿಕಾಂ