ಬಂದರ್ ಕಥೆ 7: ಬಗ್ಗಿದ ಪಟ್ಟಿ

ಫೋಟೊ ನೋಡಿ ಕುದುರೆ ಲಾಳ ಅಂದ್ಕೊಂಡ್ರಾ? ಅಲ್ಲ ಮಾರಾಯ್ರೆ. ದಕ್ಕೆ ಹತ್ರ ವೆಲ್ಡಿಂಗ್ ಮಾಡುವ ನನ್ನ ಮಾಮ 22 ವರ್ಷದಿಂದ ಜೋಪಾನವಾಗಿ ಇಟ್ಟ ಉಕ್ಕಿನ ಪಟ್ಟಿ ಇದು. ಬಗ್ಗಿದ ಜಾಗದಲ್ಲಿ ಬೆರಳಾಡಿಸಿದ್ರೆ ಒಂದು ಬಿರುಕು ಸಿಗ್ತದೆ, ಅಕ್ಕಿಕಾಳಿನಷ್ಟು ಉದ್ದ. ಅಷ್ಟೇ. ಅದರಿಂದಾಗಿ ಮಾಮನ ಗಲ್ಫ್ ಕೆಲಸ ಹೋಯ್ತು, ಏಜೆಂಟಿಗೆ ಕೊಟ್ಟ ದುಡ್ಡೂ ಹೋಯ್ತು.

ಇದಕ್ಕೆ ಬೆಂಡ್ ಟೆಸ್ಟ್ ಅಂತಾರೆ. ಜೋಡಿಸಿದ ಪೈಪಿನಿಂದ ವೆಲ್ಡಿಂಗಿಗೆ ಅಡ್ಡವಾಗಿ ಒಂದು ಪಟ್ಟಿ ಕತ್ತರಿಸಿ, ಉಬ್ಬಿದ್ದನ್ನು ಗ್ರೈಂಡ್ ಮಾಡಿ, ಎರಡು ರೋಲರ್ ಮೇಲೆ ಇಟ್ಟು, ಮಧ್ಯದಲ್ಲಿ ಗುಂಡು ಮೂತಿಯ ಅಚ್ಚಿನಿಂದ ಒತ್ತುತ್ತಾರೆ, ಲಾಳದ ಆಕಾರ ಬರುವವರೆಗೆ. ಸಾಮಾನ್ಯ ಉಕ್ಕಿನ ಪಟ್ಟಿ 10 ಮಿ.ಮೀ. ದಪ್ಪ ಇದ್ರೆ ಅಚ್ಚಿನ ವ್ಯಾಸ 40 ಮಿ.ಮೀ. ಆಗ ಹೊರಮೈ ಸುಮಾರು ಶೇ. 20ರಷ್ಟು ಹಿಗ್ಗಬೇಕು. ಒಳಗೆ ಕಿಟ್ಟ ಸಿಕ್ಕಿಕೊಂಡಿದ್ರೆ, ಬುಡ ಸರಿಯಾಗಿ ಕರಗದೆ ಇದ್ರೆ, ಅಲ್ಲೇ ಬಾಯಿ ಬಿಡ್ತದೆ. ಅಮೆರಿಕದ ಎಎಸ್‌ಎಂಇ ನಿಯಮದಲ್ಲಿ 3 ಮಿ.ಮೀ.ವರೆಗೆ ಮಾಫಿ, ಮೇಲೆ ಹೋದ್ರೆ ಫೇಲ್. ಮಾಮನ ವೆಲ್ಡಿಂಗ್ ಮೇಲಿಂದ ಮೀನಿನ ಚಿಪ್ಪು ಜೋಡಿಸಿಟ್ಟ ಹಾಗೆ ಇತ್ತಂತೆ. ಒಡೆದದ್ದು ಬುಡದಲ್ಲಿ.

ನಾನು ಚಿಕ್ಕವನಿದ್ದಾಗ ಇದು ಅನ್ಯಾಯ ಅಂದ್ಕೊಂಡಿದ್ದೆ. ಆಮೇಲೆ ಈ ನಿಯಮ ಎಲ್ಲಿಂದ ಬಂತು ಅಂತ ಹುಡುಕಿದೆ. ಬಾಯ್ಲರ್‌ಗಳಿಂದ! 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಗೆ ಕಾನೂನು ಬಂತು. 1905ರ ಮಾರ್ಚ್ 20ರಂದು ಅಮೆರಿಕದ ಬ್ರಾಕ್ಟನ್ ಊರಿನ ಶೂ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಜನ ಸತ್ತರು. ಇಂಥ ಸಾವುಗಳ ನಂತರವೇ 1914ರಲ್ಲಿ ಎಎಸ್‌ಎಂಇಯ ಬಾಯ್ಲರ್ ನಿಯಮಾವಳಿ ತಯಾರಾದದ್ದು.

ಆ ಕಾಲದ ಬಾಯ್ಲರ್‌ಗಳಿಗೆ ರಿವೆಟ್ ಹೊಡೀತಿದ್ರು. ವೆಲ್ಡಿಂಗನ್ನು ನಂಬುವವರು ಕಡಿಮೆ, ಅದಕ್ಕೆ ಕಾರಣವೂ ಇತ್ತು. ಬರೀ ಲೋಹದ ಕಡ್ಡಿಯಿಂದ ವೆಲ್ಡ್ ಮಾಡಿದ್ರೆ ಕರಗಿದ ಉಕ್ಕಿಗೆ ಗಾಳಿ ಸೇರಿ ಜೋಡಣೆ ಪೆಡಸಾಗ್ತಿತ್ತು. ನೋಡ್ಲಿಕ್ಕೆ ಗಟ್ಟಿ, ಬಗ್ಗಿಸಿದ್ರೆ ಚಟ್ ಅಂತ ಮುರಿಯುವುದು. ಇದಕ್ಕೆ ದಾರಿ ಕಂಡದ್ದು ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನಲ್ಲಿ ಹಡಗಿನ ಬಾಯ್ಲರ್ ರಿಪೇರಿಯಲ್ಲಿ ತಲೆಕೆಡಿಸಿಕೊಂಡಿದ್ದ ಆಸ್ಕರ್ ಷೆಲ್‌ಬರ್ಗ್. ಕಡ್ಡಿಗೆ ಲೇಪನ ಹಚ್ಚಿದ. ಇವತ್ತು ಮಾಮ ಹಿಡಿಯುವ ರಾಡ್ ಅದರದ್ದೇ ಮೊಮ್ಮಗು. ಷೆಲ್‌ಬರ್ಗ್ 1904ರಲ್ಲಿ ಶುರುಮಾಡಿದ ಕಂಪನಿ ಇಸಾಬ್ ಈಗಲೂ ಉಂಟು. ಅಂದ್ರೆ ಅವನೂ ಒಂದು ಲೆಕ್ಕದಲ್ಲಿ ಬಂದರಿನವನೇ.

ನಮ್ಮೂರಿಗೂ ಬಗ್ಗಿಸಿ ನೋಡುವ ಪರೀಕ್ಷೆ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು ಅಲ್ವಾ, ಆ ಮಂಗಳೂರು ಹಂಚಿಗೆ ಈಗ ಐಎಸ್ 654 ಅಂತ ಮಾನದಂಡ ಉಂಟು. ಅದರಲ್ಲೂ ಹಂಚನ್ನು ಎರಡು ಆಸರೆ ಮೇಲಿಟ್ಟು ನಡುವೆ ಭಾರ ಹೇರ್ತಾರೆ. ಹಂಚು ಬಗ್ಗುವ ಜಾತಿ ಅಲ್ಲ, ಹಾಗಾಗಿ ಎಷ್ಟು ಭಾರಕ್ಕೆ ಮುರೀತದೆ ಅಂತ ಲೆಕ್ಕ. ಉಕ್ಕಿನಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಮುರಿಯದೆ ಎಷ್ಟು ಬಗ್ತೀಯಾ?

ಎರಡರಲ್ಲೂ ಪರೀಕ್ಷೆ ಮಾಡಿದ ಮಾಲು ಮತ್ತೆ ಉಪಯೋಗಕ್ಕಿಲ್ಲ. ನಮ್ಮ ಕಾಸ್ಟಿಂಗ್ ಕ್ಲಾಸಿನ ಭಾಷೆಯಲ್ಲಿ ಬರೀ ಖರ್ಚು. ಬೋಟಿಗೆ ಹಾಕಿದ ವೆಲ್ಡಿಂಗನ್ನೇ ಕತ್ತರಿಸಿ ಬಗ್ಗಿಸ್ಲಿಕ್ಕೆ ಆಗುವುದಿಲ್ಲ, ಹಾಗಾಗಿ ವೆಲ್ಡರ್ ಬೇರೆ ತುಂಡಿನಲ್ಲಿ ಮಾಡಿ ತೋರಿಸ್ಬೇಕು. ಪರೀಕ್ಷೆ ಆಗುವುದು ಕೈಗೆ. ಗಲ್ಫಿನ ಪೈಪ್‌ಲೈನಿಗೆ ಆ ಕೈ ಬೇಕು. ನಮ್ಮ ದಕ್ಕೆಯಲ್ಲಿ ರಿಪೇರಿ ಮಾಡುವವರ ಹತ್ರ ಅಂಥ ತುಂಡು ಕೇಳಿದವರನ್ನು ನಾನಂತೂ ಕಂಡಿಲ್ಲ. ಅದೇ ಬೋಟಿನಲ್ಲಿ ಜನ ವಾರಗಟ್ಟಲೆ ಆಳಸಮುದ್ರಕ್ಕೆ ಹೋಗ್ತಾರೆ. ಮಾಮನಿಗೆ ಇದನ್ನು ಹೇಳಿದೆ. ‘ನಂಗೆ ಆ ತುಂಡು ಹೇಳಿಕೊಟ್ಟಷ್ಟು ಯಾವ ಮೇಸ್ತ್ರಿಯೂ ಹೇಳಿಕೊಟ್ಟಿಲ್ಲ’ ಅಂದ್ರು, ಮತ್ತೆ ಮಾತಾಡ್ಲಿಲ್ಲ.

ಮುಂದಿನ ತಿಂಗಳು ಅವರ ಮಗನಿಗೆ ಟೆಸ್ಟ್. ಪೈಪ್ 45 ಡಿಗ್ರಿ ಓರೆಯಾಗಿ ನಿಲ್ಲಿಸ್ತಾರೆ, ತಿರುಗಿಸುವ ಹಾಗಿಲ್ಲ. ಈಗ ದಿನಾ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಪ್ಪ ಮಗ ಗುಜರಿ ಪೈಪ್ ವೆಲ್ಡ್ ಮಾಡಿ, ಪಟ್ಟಿ ಕತ್ತರಿಸಿ, ವೈಸ್‌ಗೆ ಕಚ್ಚಿಸಿ ಸುತ್ತಿಗೆಯಿಂದ ಬಗ್ಗಿಸ್ತಾರೆ. ಎರಡನೇ ಫೋಟೊದಲ್ಲಿ ಬಕೆಟ್ ತುಂಬ ಇರುವುದು ಅದೇ. ಎಡಗಡೆ ಮೂರು ಪಟ್ಟಿಯಲ್ಲಿ ಬಿರುಕಿಲ್ಲ, ಝೂಮ್ ಮಾಡಿ ನೋಡಿ.